ಒಂದೇ ಮನೆ, ಒಂದೇ ಬೈಪೋಲಾರ್: ಅಣ್ಣನಿಗೆ ಬೇಗ ಗೊತ್ತಾಯಿತು, ನನಗೆ ತಡವಾಯಿತು

ಅಣ್ಣನಿಗೆ ಬೈಪೋಲಾರ್, ಅಂದರೆ ಮನಸ್ಸು ಕೆಲವು ದಿನ ಅತಿಯಾಗಿ ಏರಿ ಕೆಲವು ದಿನ ತೀರಾ ಇಳಿಯುವ ಕಾಯಿಲೆ, ಅಂತ ಗೊತ್ತಾಗಲು ಕೆಲವೇ ವಾರ ಸಾಕಾಯಿತು. ನನಗೆ ಅದೇ ಕಾಯಿಲೆ ಇದೆ ಅಂತ ತಿಳಿಯಲು ಹತ್ತು ವರ್ಷದ ಹತ್ತಿರ ಹಿಡಿಯಿತು. ಅವನು ಗಂಡು, ನಾನು ಹೆಣ್ಣು ಅನ್ನುವುದು ಇಷ್ಟು ವ್ಯತ್ಯಾಸ ಮಾಡುತ್ತದೆ ಅಂತ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಈಗ ನನ್ನ ಮಗಳು ಬೋರಲು ಬೀಳಲು ಕಲಿತಿದ್ದಾಳೆ. ಹೋದ ಸಲ ಹೋದಾಗ ಡಾಕ್ಟರು "ಇನ್ನು ಮೂರು ತಿಂಗಳಿಗೊಮ್ಮೆ ಬಂದರೆ ಸಾಕಮ್ಮ" ಅಂದರು. ಕಾಯಿಲೆಗೆ ಸರಿಯಾದ ಹೆಸರು ಸಿಗುವುದು, ಮಾತ್ರೆ ಬದಲಿಸುವುದು, ಬಸಿರು, ಬಾಣಂತನ, ಇಷ್ಟನ್ನೂ ದಾಟಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲಿ ತಂಗಿಯೋ, ಸೊಸೆಯೋ, ಮಗಳೋ ಇದೇ ದಾರಿಯಲ್ಲಿದ್ದರೆ ನಾನು ಪಟ್ಟ ಗೊಂದಲ ಅವರಿಗೆ ಬೇಡ.

ನಮ್ಮದು ಹಾಸನ ಜಿಲ್ಲೆಯ ಒಂದು ಸಣ್ಣ ಊರು. ಅಣ್ಣ ಆಗ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದ. ಒಂದು ವಾರಕ್ಕೂ ಹೆಚ್ಚು ಅವನು ಸರಿಯಾಗಿ ಮಲಗಲೇ ಇಲ್ಲ. ರಾತ್ರಿಯಿಡೀ ಮಾತು. ಊರ ಕೆರೆಯ ಹೂಳು ತಾನೇ ತೆಗೆಸುತ್ತೇನೆ, ಎಂಎಲ್‌ಎ ಹತ್ತಿರ ಮಾತಾಡಿಯಾಗಿದೆ ಅಂತ ಹೇಳಿಕೊಂಡು ತಿರುಗಿದ. ಸಾಲ ಮಾಡಿ ಎರಡು ಬೈಕ್ ಬುಕ್ ಮಾಡಿ ಬಂದ. ಜಾತ್ರೆಯಲ್ಲಿ ಅರ್ಚಕರ ಮೇಲೆ ಕೂಗಾಡಿದ. ನಾಲ್ಕು ಜನ ಹಿಡಿದು ಕಾರಿಗೆ ಹತ್ತಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ಅಡ್ಮಿಟ್ ಮಾಡಿಕೊಂಡರು. ಇದು ಮೇನಿಯಾ (ಮನಸ್ಸಿನ ಅತಿ ಏರಿಕೆ), ಕಾಯಿಲೆ ಬೈಪೋಲಾರ್ ಅಂತ ಡಿಸ್ಚಾರ್ಜ್ ಕಾರ್ಡಿನಲ್ಲಿ ಬರೆದುಕೊಟ್ಟರು. ಊರಲ್ಲಿ ಅವನಿಗೆ ಹುಚ್ಚ ಅನ್ನುವ ಹೆಸರು ಬಂತು. ಆ ನೋವು ಸಣ್ಣದಲ್ಲ. ಆದರೆ ಔಷಧ ಮಾತ್ರ ಸರಿಯಾದದ್ದೇ ಸಿಕ್ಕಿತು, ಬೇಗ ಸಿಕ್ಕಿತು.

ನನ್ನದು ಶುರುವಾದದ್ದು ಅದಾಗಿ ಎರಡು ವರ್ಷಕ್ಕೆ, ಬಿಎಸ್ಸಿ ಓದುವಾಗ. ಬೆಳಗ್ಗೆ ಏಳಲು ಆಗುತ್ತಿರಲಿಲ್ಲ. ಎಷ್ಟು ಮಲಗಿದರೂ ಮೈ ಭಾರ. ತಲೆ ಬಾಚಿಕೊಳ್ಳುವುದೂ ದೊಡ್ಡ ಕೆಲಸ ಅನ್ನಿಸುತ್ತಿತ್ತು. ಹಸಿವು ಮಾತ್ರ ಜಾಸ್ತಿಯಾಗಿತ್ತು. "ಈ ವಯಸ್ಸಲ್ಲಿ ಹೆಣ್ಣುಮಕ್ಕಳಿಗೆ ಹೀಗಾಗುತ್ತೆ ಬಿಡು" ಅಂದರು ಅಮ್ಮ. ರಕ್ತ ಕಡಿಮೆ ಇರಬೇಕು ಅಂತ ಟಾನಿಕ್ ಕೊಡಿಸಿದರು. ಸೋದರತ್ತೆ ದೃಷ್ಟಿ ತೆಗೆದರು. ಕೊನೆಗೆ ಪಟ್ಟಣದ ಒಂದು ಖಾಸಗಿ ಕ್ಲಿನಿಕ್ಕಿಗೆ ಹೋದೆವು. ಐದು ನಿಮಿಷ ಮಾತಾಡಿಸಿ ಡಿಪ್ರೆಶನ್ ಅಂದರು, ಅದಕ್ಕೆ ಮಾತ್ರೆ ಬರೆದರು. ಮನೆಯಲ್ಲಿ ಬೇರೆ ಯಾರಿಗಾದರೂ ಮಾನಸಿಕ ಕಾಯಿಲೆ ಇದೆಯಾ ಅಂತ ಅವರು ಕೇಳಲಿಲ್ಲ. ಅಮ್ಮನೂ ಹೇಳಲಿಲ್ಲ. ಮುಂದೆ ನನ್ನ ಮದುವೆ ಆಗಬೇಕಿತ್ತಲ್ಲ.

ಮಾತ್ರೆ ತೆಗೆದುಕೊಂಡ ಮೇಲೆ ನಾನು ಎದ್ದು ಕೂತೆ. ಬರೀ ಎದ್ದು ಕೂತಿದ್ದಲ್ಲ, ಓಡತೊಡಗಿದೆ. ಮೂರು ಗಂಟೆ ನಿದ್ದೆ ಸಾಕಾಗುತ್ತಿತ್ತು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಅಡುಗೆಮನೆಯ ಡಬ್ಬಗಳನ್ನೆಲ್ಲ ಇಳಿಸಿ ತೊಳೆಯುತ್ತಿದ್ದೆ. ಬೀದಿಯ ಅರ್ಧ ಹೆಂಗಸರಿಗೆ ಬ್ಲೌಸ್ ಹೊಲಿದುಕೊಟ್ಟೆ. ಗೋಕುಲಾಷ್ಟಮಿಗೆ ಒಬ್ಬಳೇ ಕೂತು ಎರಡು ದೊಡ್ಡ ಡಬ್ಬ ಚಕ್ಕುಲಿ ಕರಿದೆ. ಮಾತು ಜೋರು, ಸಣ್ಣದಕ್ಕೂ ಸಿಡುಕು. ಆದರೆ ಕೆಲಸ ಮಾಡುವ ಹುಡುಗಿಯ ಸಿಡುಕನ್ನು ಯಾರು ಕಾಯಿಲೆ ಅಂತಾರೆ? ಎಲ್ಲರೂ "ಹುಷಾರಾದಳು, ಎಷ್ಟು ಚುರುಕಾಗಿದ್ದಾಳೆ ನೋಡಿ" ಅಂದರು. ಒಂದೆರಡು ವಾರ ಹೀಗೆ. ಆಮೇಲೆ ಮತ್ತೆ ಹಾಸಿಗೆ.

ಇಲ್ಲಿ ಸ್ವಲ್ಪ ನಿಲ್ಲಬೇಕು ಅನ್ನಿಸುತ್ತದೆ. ಇಡೀ ಗೊಂದಲದ ಬೇರು ಇಲ್ಲೇ ಇದೆ. ಬೈಪೋಲಾರ್ ಗಂಡಸರಿಗೂ ಹೆಂಗಸರಿಗೂ ಹೆಚ್ಚುಕಡಿಮೆ ಸಮನಾಗಿ ಬರುತ್ತದೆ. ಆದರೆ ಬರುವ ರೀತಿಯಲ್ಲಿ ವ್ಯತ್ಯಾಸವಿದೆ. ಗಂಡಸರಲ್ಲಿ ಮೊದಲ ಸಲವೇ ಮೇನಿಯಾ ಆಗಿ ಕಾಣಿಸಿಕೊಳ್ಳುವುದು ಜಾಸ್ತಿ. ಹೆಂಗಸರಲ್ಲಿ ಮೊದಲು ಡಿಪ್ರೆಶನ್ ಬರುವುದು ಜಾಸ್ತಿ. ಟೈಪ್ ಟು ಅನ್ನುವ ಬಗೆ, ಅಂದರೆ ಪೂರ್ತಿ ಮೇನಿಯಾ ಆಗದೆ ಹೈಪೊಮೇನಿಯಾ ಅನ್ನುವ ಸಣ್ಣ ಏರಿಕೆ ಮಾತ್ರ ಬರುವುದು, ಹೆಂಗಸರಲ್ಲೇ ಹೆಚ್ಚು ಕಾಣುತ್ತದೆ. ಮೇನಿಯಾ ಅನ್ನಲು ಒಂದು ವಾರವಾದರೂ ಆ ಸ್ಥಿತಿ ಇರಬೇಕು, ಇಲ್ಲವೇ ಆಸ್ಪತ್ರೆಗೆ ಸೇರಿಸುವಷ್ಟು ಜೋರಾಗಿರಬೇಕು. ಹೈಪೊಮೇನಿಯಾಕ್ಕೆ ನಾಲ್ಕು ದಿನ ಸಾಕು. ಅದರಲ್ಲಿ ಮನೆ ಮುರಿಯುವುದಿಲ್ಲ, ಪೊಲೀಸರು ಬರುವುದಿಲ್ಲ. ಹಾಗಾಗಿ ಆಸ್ಪತ್ರೆಗೆ ಹೋಗುವುದು ಮಂಕು ಹಿಡಿದಾಗ ಮಾತ್ರ. ಡಾಕ್ಟರ ಕಣ್ಣಿಗೆ ಬೀಳುವುದೂ ಅದೊಂದೇ.

ಬೈಪೋಲಾರ್ ಇರುವವರಿಗೆ ಬರೀ ಡಿಪ್ರೆಶನ್ ಮಾತ್ರೆ ಕೊಟ್ಟರೆ ಕೆಲವರಲ್ಲಿ ಮನಸ್ಸು ಮೇಲಕ್ಕೆ ಚಿಮ್ಮುತ್ತದೆ, ಏರಿಳಿತ ಪದೇ ಪದೇ ಬರತೊಡಗುತ್ತದೆ. ವರ್ಷಕ್ಕೆ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಸಲ ಬಂದರೆ ಅದಕ್ಕೆ ರಾಪಿಡ್ ಸೈಕ್ಲಿಂಗ್ ಅನ್ನುತ್ತಾರೆ. ಅದೂ ಹೆಂಗಸರಲ್ಲಿ ಹೆಚ್ಚು. ಏರಿಕೆಯ ಚಡಪಡಿಕೆ, ಇಳಿತದ ಹತಾಶೆ ಎರಡೂ ಒಟ್ಟಿಗೇ ಬರುವ ಮಿಶ್ರ ಸ್ಥಿತಿಯೂ ಅಷ್ಟೇ. ನನಗೆ ಆ ಮಿಶ್ರ ಸ್ಥಿತಿ ಬಂದಿತ್ತು. ಮೈಯಲ್ಲಿ ಓಡುವಷ್ಟು ಶಕ್ತಿ, ಮನಸ್ಸಿನಲ್ಲಿ ಸಾಯುವ ಯೋಚನೆ. ನನ್ನ ಕಾಯಿಲೆಯಲ್ಲಿ ಅತಿ ಭಯದ ದಿನಗಳು ಅವು. ನಿಮಗೆ ಅಂಥ ದಿನ ಬಂದರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಅವತ್ತೇ ಹೋಗಿ, ಒಬ್ಬರೇ ಹೋಗಬೇಡಿ.

ಗಂಡಸರ ದಾರಿ ಸಲೀಸು ಅಂತಲ್ಲ. ಅಣ್ಣ ಆಮೇಲೆ ಕುಡಿತಕ್ಕೆ ಬಿದ್ದ. ಬೈಪೋಲಾರ್ ಇರುವ ಗಂಡಸರಲ್ಲಿ ಕುಡಿತ, ನಶೆ ಹೆಚ್ಚು. ಅವನ ಎರಡನೇ ಮೇನಿಯಾವನ್ನು ಎಲ್ಲರೂ "ಕುಡಿದು ಆಡ್ತಾನೆ" ಅಂತಲೇ ತಿಳಿದರು. ಕುಡಿತ ಬಿಡಿಸುವ ಕಡೆ ಸೇರಿಸಿ ತಿಂಗಳು ಕಳೆದರು. ಅವನ ಕಾಯಿಲೆ ಬಾಟಲಿಯ ಹಿಂದೆ ಅಡಗಿತ್ತು, ನನ್ನದು ಅಡುಗೆಮನೆಯಲ್ಲಿ.

ಮದುವೆಗೆ ಮುಂಚೆ ನಾನು ಹುಡುಗನಿಗೆ ಎಲ್ಲ ಹೇಳಿದೆ. ಅಮ್ಮನಿಗೆ ಇಷ್ಟವಿರಲಿಲ್ಲ. ನನ್ನ ಗಂಡನಾಗುವವರು ಕೇಳಿಸಿಕೊಂಡು, "ನಿಮ್ಮ ಡಾಕ್ಟರ ಹತ್ತಿರ ನಾನೂ ಒಂದು ಸಲ ಬರಲಾ?" ಅಂದರು. ಆ ಒಂದು ಮಾತಿಗೆ ನಾನು ಇವತ್ತಿಗೂ ಋಣಿ. ಮದುವೆಯ ಗಲಾಟೆಯಲ್ಲಿ, ಚಪ್ಪರದಿಂದ ಹಿಡಿದು ಬೀಗರೂಟದವರೆಗೆ, ನಿದ್ದೆ ಅನ್ನುವುದೇ ಇರಲಿಲ್ಲ. ನಿದ್ದೆ ಕೆಟ್ಟರೆ ಈ ಕಾಯಿಲೆ ಕೆರಳುತ್ತದೆ. ಮದುವೆಯಾಗಿ ತುಮಕೂರಿಗೆ ಬಂದ ಮೇಲೆ ಮೊದಲು ಏರಿದೆ, ಆಮೇಲೆ ಇಳಿದೆ. ಅಲ್ಲಿನ ಒಬ್ಬ ಡಾಕ್ಟರು ಮೂಡ್ ಏರಿಳಿತ ಇದೆ ಅಂತ ಗುರುತಿಸಿದರು. ಆ ಮಟ್ಟಿಗೆ ಸರಿ. ಏರಿಳಿತ ತಡೆಯುವ ವಾಲ್‌ಪ್ರೊಯೇಟ್ ಮಾತ್ರೆ ಶುರು ಮಾಡಿದರು. ಆದರೆ ಹೊಸದಾಗಿ ಮದುವೆಯಾದವಳು ಎದುರಿಗೆ ಕೂತಿದ್ದರೂ ಮಗುವಿನ ಯೋಚನೆ ಇದೆಯಾ ಅಂತ ಒಂದು ಮಾತು ಕೇಳಲಿಲ್ಲ.

ತೂಕ ಏರಿತು. ಮುಟ್ಟು ತಪ್ಪತೊಡಗಿತು. ಸ್ಕ್ಯಾನ್‌ನಲ್ಲಿ ಪಿಸಿಒಎಸ್, ಅಂದರೆ ಅಂಡಾಶಯದ ಹಾರ್ಮೋನ್ ಏರುಪೇರಿನ ತೊಂದರೆ, ಅಂತ ಬಂತು. ವಾಲ್‌ಪ್ರೊಯೇಟ್ ತೆಗೆದುಕೊಳ್ಳುವ ಚಿಕ್ಕ ವಯಸ್ಸಿನ ಹೆಂಗಸರಲ್ಲಿ ಪಿಸಿಒಎಸ್ ಹೆಚ್ಚು ಕಾಣುತ್ತದೆ ಅನ್ನುವುದು ಆಗ ನನಗೆ ಗೊತ್ತಿರಲಿಲ್ಲ. ಹೆರಿಗೆ ಡಾಕ್ಟರು ಅದಕ್ಕೊಂದು ಚೀಟಿ ಬರೆದರು, ಮನಸ್ಸಿನ ಡಾಕ್ಟರು ಇದಕ್ಕೊಂದು. ಒಬ್ಬರ ಚೀಟಿ ಇನ್ನೊಬ್ಬರು ನೋಡಲಿಲ್ಲ. ಹೀಗೇ ಆದರೆ ಆಗುವುದಿಲ್ಲ ಅಂತ ಇಬ್ಬರೂ ಬೆಂಗಳೂರಿಗೆ ಹೋಗಿ ನಿಮ್ಹಾನ್ಸ್‌ನಲ್ಲಿ ತೋರಿಸುವುದು ಅಂತ ತೀರ್ಮಾನ ಮಾಡಿದೆವು.

ಹೋಗುವ ಮುಂಚೆ ಹಳೆಯ ಕಾಗದ ಒಟ್ಟು ಮಾಡುವುದೇ ಒಂದು ದೊಡ್ಡ ಕೆಲಸವಾಯಿತು. ಕಾಲೇಜಿನ ದಿನಗಳ ಚೀಟಿಗಳೆಲ್ಲ ಅಪ್ಪನ ಇನಿಷಿಯಲ್ ಇರುವ ಹೆಸರಿನಲ್ಲಿದ್ದವು. ಮದುವೆಯಾದ ಮೇಲಿನದ್ದು ಗಂಡನ ಹೆಸರು ಸೇರಿದ್ದು. ಹಳೆಯ ಕ್ಲಿನಿಕ್ಕಿನಲ್ಲಿ "ಈ ಆಧಾರ್‌ಗೂ ಈ ಫೈಲಿಗೂ ಹೆಸರು ಹೊಂದುವುದಿಲ್ಲ" ಅಂತ ವಾಪಸ್ ಕಳಿಸಿದರು. ಮದುವೆ ನೋಂದಣಿ ಪತ್ರ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಎರಡನ್ನೂ ತೋರಿಸಿದ ಮೇಲೆ ಫೈಲಿನ ಜೆರಾಕ್ಸ್ ಕೊಟ್ಟರು. ಅಣ್ಣನಿಗೆ ಇಂಥ ತೊಂದರೆ ಯಾವತ್ತೂ ಬಂದಿಲ್ಲ, ಬರುವುದೂ ಇಲ್ಲ. ನಿಮ್ಮ ಚಿಕಿತ್ಸೆಯ ದಾಖಲೆ ಕೇಳಿ ಪಡೆಯುವುದು ನಿಮ್ಮ ಹಕ್ಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲೇ ಅದು ಇದೆ. ಕೇಳುವಾಗ ಬಾಯಿಮಾತಿನಲ್ಲಿ ಕೇಳಬೇಡಿ, ಒಂದು ಅರ್ಜಿ ಬರೆದುಕೊಡಿ. ಅಣ್ಣನ ಡಿಸ್ಚಾರ್ಜ್ ಕಾರ್ಡನ್ನೂ ಅವನನ್ನು ಕೇಳಿ ತೆಗೆದುಕೊಂಡೆ. ಅವನು ಮೊಬೈಲಿನಲ್ಲಿ ಫೋಟೊ ಕಳಿಸಿ, ಸಂಜೆ ಫೋನ್ ಮಾಡಿ, "ನಿನಗೂ ಇದೇನಾ ಪುಟ್ಟಿ?" ಅಂದ. ಇಬ್ಬರೂ ಸುಮಾರು ಹೊತ್ತು ಮಾತಾಡಿದೆವು. ಆ ಕಾಯಿಲೆಯ ಬಗ್ಗೆ ನಾವಿಬ್ಬರೂ ಬಾಯಿಬಿಟ್ಟು ಮಾತಾಡಿದ್ದು ಅದೇ ಮೊದಲು.

ಬೆಳಗಿನ ಮೊದಲ ರೈಲು ಹಿಡಿದು ಹೋದೆವು. ನೋಂದಣಿ, ಟೋಕನ್, ಕಾಯುವುದು, ಮತ್ತೆ ಕಾಯುವುದು. ದೊಡ್ಡ ಸರ್ಕಾರಿ ಸಂಸ್ಥೆ, ಇಡೀ ರಾಜ್ಯದಿಂದ, ಹೊರರಾಜ್ಯದಿಂದಲೂ ಜನ ಬರುತ್ತಾರೆ. ಇಡೀ ದಿನ ಅಲ್ಲೇ ಅಂತ ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿ. ಬುತ್ತಿ, ನೀರು, ಆಧಾರ್ ಇರಲಿ. ಬಿಪಿಎಲ್ ಕಾರ್ಡ್ ಇದ್ದರೆ ಮರೆಯದೆ ಒಯ್ಯಿರಿ, ಖರ್ಚಿನಲ್ಲಿ ರಿಯಾಯಿತಿ ಸಿಗುತ್ತದೆ. ನಿಮ್ಮನ್ನು ಚೆನ್ನಾಗಿ ಬಲ್ಲ ಒಬ್ಬರು ಜೊತೆಗಿರಲೇಬೇಕು. ನಾವು ಮಾತ್ರ ಹೇಳಿದರೆ ಬರೀ ಮಂಕಿನ ದಿನಗಳೇ ನೆನಪಾಗುತ್ತವೆ. ಏರಿದ ದಿನಗಳನ್ನು ನೋಡಿರುವವರು ಮನೆಯವರು.

ಕಾದದ್ದು ದಂಡವಾಗಲಿಲ್ಲ. ಕಿರಿಯ ಡಾಕ್ಟರೊಬ್ಬರು ಕೂತು ಎಲ್ಲವನ್ನೂ ಕೇಳಿ ಬರೆದುಕೊಂಡರು. "ಕಡಿಮೆ ನಿದ್ದೆ ಮಾಡಿಯೂ ಸುಸ್ತೇ ಆಗದ ದಿನಗಳು ಇದ್ದವಾ?" ಅಂತ ಕೇಳಿದರು. ಹತ್ತು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ ಅದು. ನಾನು ಚಕ್ಕುಲಿಯ ಕಥೆ ಹೇಳಿದೆ. ಅವರು ನಗಲಿಲ್ಲ, ಪೆನ್ನು ಹಿಡಿದು ಎಷ್ಟು ದಿನ, ಯಾವ ಮಾತ್ರೆ ನಡೆಯುತ್ತಿತ್ತು ಅಂತ ಕೇಳಿದರು. ಮುಟ್ಟಿನ ಮುಂಚೆ ಮನಸ್ಸು ಹೇಗಿರುತ್ತದೆ, ತಲೆನೋವು ಬರುತ್ತದಾ, ಥೈರಾಯ್ಡ್ ಇದೆಯಾ ಅಂತಲೂ ಕೇಳಿದರು. ಮೈಗ್ರೇನ್, ಥೈರಾಯ್ಡ್, ಆತಂಕ ಇವು ಬೈಪೋಲಾರ್ ಇರುವ ಹೆಂಗಸರಲ್ಲಿ ಜೊತೆಗೂಡಿ ಬರುವುದು ಹೆಚ್ಚಂತೆ. ನನಗೆ ಮೈಗ್ರೇನ್ ಇತ್ತು. ಅದಕ್ಕೂ ಇದಕ್ಕೂ ಸಂಬಂಧ ಇರಬಹುದು ಅಂತ ಯೋಚಿಸಿಯೇ ಇರಲಿಲ್ಲ. ಆಮೇಲೆ ಹಿರಿಯ ಡಾಕ್ಟರು ನೋಡಿ ಬೈಪೋಲಾರ್ ಟೈಪ್ ಟು ಅಂದರು.

ನನಗೆ ಅಳು ಬಂತು. ದುಃಖಕ್ಕಲ್ಲ. ಇಷ್ಟು ವರ್ಷ ಸೋಮಾರಿ, ಸಿಡುಕಿ, ಅತಿಯಾಗಿ ಆಡುವವಳು ಅಂತ ಕೇಳಿಸಿಕೊಂಡಿದ್ದೆಲ್ಲ ಒಂದೇ ಕಾಯಿಲೆಯ ಬೇರೆ ಬೇರೆ ಮುಖ ಅಂತ ಗೊತ್ತಾದಾಗ ಆಗುವ ಹಗುರ ಅದು.

ಮಗುವಿನ ಯೋಚನೆ ಇದೆ ಅಂತ ಹೇಳಿದ ತಕ್ಷಣ ಹಿರಿಯ ಡಾಕ್ಟರು ವಾಲ್‌ಪ್ರೊಯೇಟ್ ಬಗ್ಗೆ ವಿವರವಾಗಿ ಹೇಳಿದರು. ಬಸಿರಲ್ಲಿ ಈ ಮಾತ್ರೆ ನಡೆದರೆ ಹುಟ್ಟುವ ನೂರು ಮಕ್ಕಳಲ್ಲಿ ಸುಮಾರು 10 ಮಕ್ಕಳಿಗೆ ದೊಡ್ಡ ಅಂಗದೋಷ ಬರಬಹುದು. ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳದಿರುವುದು ಅದರಲ್ಲಿ ಒಂದು. ನೂರರಲ್ಲಿ 30ರಿಂದ 40 ಮಕ್ಕಳಿಗೆ ಕಲಿಕೆ, ಮಾತು, ಬೆಳವಣಿಗೆಯ ತೊಂದರೆ ಬರಬಹುದು. ಫೋಲಿಕ್ ಆಸಿಡ್ ಮಾತ್ರೆ ನುಂಗಿದರೂ ಈ ಅಪಾಯ ಹೋಗುವುದಿಲ್ಲ. ಕೇಳುತ್ತ ಕೇಳುತ್ತ ನನ್ನ ಕೈ ತಣ್ಣಗಾಯಿತು. ಬಸಿರು ನಿಂತಿದೆ ಅಂತ ಗೊತ್ತಾಗುವ ಹೊತ್ತಿಗೆ ಮಗುವಿನ ಬೆನ್ನುಹುರಿ ರೂಪುಗೊಳ್ಳುವ ಸಮಯ ಹೆಚ್ಚುಕಡಿಮೆ ಮುಗಿದೇ ಹೋಗಿರುತ್ತದೆ. ಅದಕ್ಕೇ ಹೇಳುತ್ತೇನೆ, ಮದುವೆ ಆಗಿರಲಿ ಬಿಡಲಿ, ಮಗು ಆಗುವ ವಯಸ್ಸಿನ ಹೆಣ್ಣುಮಗಳಿಗೆ ಈ ಮಾತ್ರೆ ಬರೆದರೆ "ಬಸಿರಾದರೆ ಏನು?" ಅಂತ ಅವತ್ತೇ ಕೇಳಿ. ಆದರೆ ಇದನ್ನು ಓದಿ ಮಾತ್ರೆಯನ್ನು ಏಕಾಏಕಿ ನಿಲ್ಲಿಸಬೇಡಿ. ಕಾಯಿಲೆ ತಿರುಗಿ ಜೋರಾಗಿ ಬರುತ್ತದೆ. ಡಾಕ್ಟರ ಹತ್ತಿರ ಹೋಗಿ ಬದಲಿಸಿಕೊಳ್ಳಿ.

ಗಂಡಸರಿಗೂ ಒಂದು ಮಾತು. 2024ರ ಶುರುವಿನಲ್ಲಿ ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ, ಮಗುವಿಗೆ ಪ್ರಯತ್ನಿಸುವ ಮುಂಚಿನ ಮೂರು ತಿಂಗಳಲ್ಲಿ ಅಪ್ಪ ವಾಲ್‌ಪ್ರೊಯೇಟ್ ತೆಗೆದುಕೊಂಡಿದ್ದರೂ ಮಗುವಿನ ಬೆಳವಣಿಗೆಗೆ ತೊಂದರೆ ಇರಬಹುದು, ಎಚ್ಚರ ಇರಲಿ ಅಂತ ಹೇಳಿದೆ. ಅಮ್ಮನಷ್ಟು ದೊಡ್ಡ ಅಪಾಯ ಅಲ್ಲ. ಆದರೂ ಅಣ್ಣನಿಗೆ ಈ ವಿಷಯ ಹೇಳಿದೆ, ಅವನು ತನ್ನ ಡಾಕ್ಟರನ್ನು ಕೇಳಿದ.

ನನಗೆ ಏರಿಳಿತ ತಡೆಯುವ ಇನ್ನೊಂದು ಮಾತ್ರೆ ಲಿಥಿಯಂ ಆರಿಸಿದರು. ವಾಲ್‌ಪ್ರೊಯೇಟ್ ನಿಧಾನವಾಗಿ ಇಳಿಸುತ್ತ, ಲಿಥಿಯಂ ಏರಿಸುತ್ತ ಹೋದರು. ಶುರು ಮಾಡುವ ಮುಂಚೆ ಕಿಡ್ನಿ, ಥೈರಾಯ್ಡ್, ಕ್ಯಾಲ್ಶಿಯಂ ಪರೀಕ್ಷೆ ಆಯಿತು. ಲಿಥಿಯಂನಿಂದ ಥೈರಾಯ್ಡ್ ಕಡಿಮೆಯಾಗುವುದು ಹೆಂಗಸರಲ್ಲಿ ಹೆಚ್ಚು, ಹಾಗಾಗಿ ಆ ಪರೀಕ್ಷೆ ಪದೇ ಪದೇ ಮಾಡಿಸಬೇಕು. ರಕ್ತದಲ್ಲಿ ಲಿಥಿಯಂ ಮಟ್ಟ ನೋಡುವ ಪರೀಕ್ಷೆ ಬೇರೆ. ಅದಕ್ಕೆ ಕೊನೆಯ ಮಾತ್ರೆ ನುಂಗಿ 12 ಗಂಟೆಗೆ ರಕ್ತ ಕೊಡಬೇಕು. ರಾತ್ರಿ ಒಂಬತ್ತಕ್ಕೆ ಮಾತ್ರೆ, ಬೆಳಗ್ಗೆ ಒಂಬತ್ತಕ್ಕೆ ರಕ್ತ, ಆಮೇಲೆ ಬೆಳಗಿನ ಮಾತ್ರೆ. ಲ್ಯಾಬಿನಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಸಾಮಾನ್ಯವಾಗಿ 0.6ರಿಂದ 1.0ರ ಒಳಗೆ ಇರುವಂತೆ ನೋಡಿಕೊಳ್ಳುತ್ತಾರೆ. ತುಮಕೂರಿನಲ್ಲಿ ಈ ಪರೀಕ್ಷೆ ಎಲ್ಲ ಲ್ಯಾಬಿನಲ್ಲೂ ಆಗುತ್ತಿರಲಿಲ್ಲ, ಸ್ಯಾಂಪಲ್ ಬೆಂಗಳೂರಿಗೆ ಹೋಗಿ ರಿಪೋರ್ಟ್ ಮರುದಿನ ಬರುತ್ತಿತ್ತು. ಮಾತ್ರೆ ಅಗ್ಗ, ಒಂದಕ್ಕೆ ಕೆಲವೇ ರೂಪಾಯಿ. ಜೇಬು ಖಾಲಿಯಾಗುವುದು ಪರೀಕ್ಷೆಗಳಿಗೆ, ಓಡಾಟಕ್ಕೆ, ರಜೆ ಹಾಕಿದ ದಿನದ ಸಂಬಳಕ್ಕೆ.

ಲಿಥಿಯಂ ತೆಗೆದುಕೊಳ್ಳುವ ಹೆಂಗಸರು ಗೋಡೆಗೆ ಅಂಟಿಸಿಟ್ಟುಕೊಳ್ಳಬೇಕಾದ ಎರಡು ವಿಷಯ ಇವೆ. ಮುಟ್ಟಿನ ಹೊಟ್ಟೆನೋವಿಗೆ ನಾವು ಸುಮ್ನೆ ಮೆಡಿಕಲ್ ಸ್ಟೋರಿನಿಂದ ತಂದು ನುಂಗುವ ಮೆಫೆನಮಿಕ್ ಆಸಿಡ್, ಐಬುಪ್ರೊಫೆನ್ ಮಾತ್ರೆಗಳು ರಕ್ತದಲ್ಲಿ ಲಿಥಿಯಂ ಮಟ್ಟ ಏರಿಸುತ್ತವೆ. ನನಗೆ ಪ್ಯಾರಾಸಿಟಮಾಲ್ ತೆಗೆದುಕೊಳ್ಳಲು ಹೇಳಿದರು. ಇನ್ನೊಂದು ಉಪವಾಸ. ನೀರೂ ಕುಡಿಯದ ಏಕಾದಶಿ, ಉಪ್ಪಿಲ್ಲದ ವ್ರತ ಎರಡೂ ಅಪಾಯ. ಮೈಯಲ್ಲಿ ನೀರು, ಉಪ್ಪು ಕಡಿಮೆಯಾದರೆ ಲಿಥಿಯಂ ಏರಿ ವಿಷವಾಗಬಹುದು. ಕೈ ಜೋರಾಗಿ ನಡುಗುವುದು, ವಾಂತಿ, ಭೇದಿ, ತೂರಾಡುವುದು ಕಂಡರೆ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು. ಅತ್ತೆಗೆ ಇದನ್ನು ಹೇಳಿದಾಗ, "ದೇವರು ನೀರು ಕುಡಿಬೇಡ ಅಂತ ಎಲ್ಲಿ ಹೇಳವ್ನೆ? ಕುಡಿ" ಅಂದರು. ನನಗೆ ಆನೆ ಬಲ ಬಂತು.

ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರೂ ಡಾಕ್ಟರಿಗೆ ಹೇಳಿ. ಕಾರ್ಬಮಾಜೆಪಿನ್, ಲಾಮೊಟ್ರಿಜಿನ್ ಕೂಡ ಬೈಪೋಲಾರ್‌ಗೆ ಕೊಡುವ ಮಾತ್ರೆಗಳೇ. ಕಾರ್ಬಮಾಜೆಪಿನ್ ಗರ್ಭನಿರೋಧಕ ಮಾತ್ರೆಯ ಬಲ ಕುಂದಿಸುತ್ತದೆ. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಲಾಮೊಟ್ರಿಜಿನ್ ಮಟ್ಟ ಇಳಿಸುತ್ತದೆ.

ಮಾತ್ರೆ ಬದಲಾದ ಕೂಡಲೇ ಬಸಿರಾಗುವ ಹಾಗಿರಲಿಲ್ಲ. ಕೆಲವು ತಿಂಗಳು ಮನಸ್ಸು ಸ್ಥಿರವಾಗಿ ನಿಲ್ಲಲಿ ಅಂದರು. ಆ ತಿಂಗಳುಗಳು ಬಹಳ ಉದ್ದ ಅನ್ನಿಸಿದವು. ಪ್ರತಿ ಸೀಮಂತದಲ್ಲೂ, ನಾಮಕರಣದಲ್ಲೂ "ಏನಮ್ಮ, ವಿಶೇಷ ಏನೂ ಇಲ್ವಾ?" ಅನ್ನುವ ಪ್ರಶ್ನೆ. ಉತ್ತರ ಹೇಳಲು ಆಗದ ಪ್ರಶ್ನೆ. ಗಂಡ ಒಂದು ಸಲ ಎಲ್ಲರ ಎದುರಿಗೇ "ನಾವೇ ಸ್ವಲ್ಪ ದಿನ ಬೇಡ ಅಂದುಕೊಂಡಿದ್ದೇವೆ" ಅಂದರು. ಆಮೇಲೆ ಕೇಳುವುದು ಕಡಿಮೆಯಾಯಿತು. ಆ ದಿನಗಳಲ್ಲಿ ನಾನು ಒಂದು ನೋಟ್‌ಬುಕ್ಕಿನಲ್ಲಿ ದಿನಾ ಬರೆಯುತ್ತಿದ್ದೆ. ಎಷ್ಟು ಗಂಟೆ ನಿದ್ದೆ, ಮನಸ್ಸು ಹೇಗಿತ್ತು, ಮುಟ್ಟಿನ ಎಷ್ಟನೇ ದಿನ, ಮಾತ್ರೆ ತಪ್ಪಿತಾ. ಒಂದು ಸಾಲು ಸಾಕು. ಮುಟ್ಟಿಗೆ ಮುಂಚಿನ ವಾರ ನನಗೆ ಪ್ರತಿ ಸಲ ಕುಸಿತ ಬರುತ್ತದೆ ಅನ್ನುವುದು ಆ ನೋಟ್‌ಬುಕ್ಕಿನಿಂದಲೇ ಗೊತ್ತಾಯಿತು. ಡಾಕ್ಟರು ನನ್ನ ಮಾತಿಗಿಂತ ಅದನ್ನೇ ಹೆಚ್ಚು ನೋಡುತ್ತಿದ್ದರು.

ಬಸಿರು ನಿಂತ ಮೇಲೆ ಹೊಸ ತಲೆನೋವು. ತುಮಕೂರಿನಲ್ಲಿ ಮೊದಲು ತೋರಿಸಿದ ಹೆರಿಗೆ ಡಾಕ್ಟರು ಲಿಥಿಯಂ ಹೆಸರು ಕೇಳಿದ್ದೇ "ಇವತ್ತೇ ನಿಲ್ಲಿಸಿ" ಅಂದರು. ಲಿಥಿಯಂನಿಂದ ಮಗುವಿನ ಹೃದಯಕ್ಕೆ ತೊಂದರೆ ಬರಬಹುದು ಅನ್ನುವ ಭಯ ಹಳೆಯದು. ಅಪಾಯ ಇದೆ, ಆದರೆ ಹಿಂದೆ ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆ, ಡೋಸ್ ಹೆಚ್ಚಿದ್ದಷ್ಟೂ ಅಪಾಯ ಹೆಚ್ಚು ಅಂತ ನಿಮ್ಹಾನ್ಸ್ ಡಾಕ್ಟರು ವಿವರಿಸಿದ್ದರು. ಏಕಾಏಕಿ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಅಪಾಯವನ್ನೂ ತೂಗಿ ನೋಡಬೇಕು. ನಾನು ಇಬ್ಬರ ನಡುವೆ ಸಿಕ್ಕಿಕೊಂಡೆ. ಕೊನೆಗೆ ಮನಸ್ಸಿನ ಡಾಕ್ಟರಿಂದ ಒಂದು ಪತ್ರ ಬರೆಸಿಕೊಂಡು, ಅದನ್ನು ಓದಿ ಒಪ್ಪುವ ಬೇರೆ ಹೆರಿಗೆ ಡಾಕ್ಟರನ್ನು ಹುಡುಕಿದೆವು. ಇಬ್ಬರೂ ಒಬ್ಬರಿಗೊಬ್ಬರು ಫೋನಿನಲ್ಲಿ ಮಾತಾಡುವಂತೆ ಮಾಡಿದೆವು. ಬಸಿರಿಗೆ ಮುಂಚೆಯೇ ಈ ಪತ್ರ ಕೈಯಲ್ಲಿದ್ದರೆ ನಿಮಗೆ ಆ ವಾರದ ಸಂಕಟ ತಪ್ಪುತ್ತದೆ.

ಮಗುವಿನ ಹೃದಯ ನೋಡುವ ಫೀಟಲ್ ಎಕೋ, ಐದನೇ ತಿಂಗಳ ಸ್ಕ್ಯಾನ್ ಎರಡೂ ಮಾಡಿಸಿದರು. ಆ ರಿಪೋರ್ಟ್ ಬರುವವರೆಗಿನ ಒಂದು ಗಂಟೆ ಹೇಗೆ ಕಳೆದೆನೋ ಗೊತ್ತಿಲ್ಲ. ಎಲ್ಲ ಸರಿ ಇದೆ ಅಂದಾಗ ಗಂಡ ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟರು. ಬಸಿರಲ್ಲಿ ಕಿಡ್ನಿ ಹೆಚ್ಚು ಕೆಲಸ ಮಾಡುವುದರಿಂದ ಲಿಥಿಯಂ ಮಟ್ಟ ತಾನಾಗಿ ಇಳಿಯುತ್ತದೆ. ಹಾಗಾಗಿ ತಿಂಗಳಿಗೊಮ್ಮೆ ರಕ್ತ ಪರೀಕ್ಷೆ, ಕೊನೆಕೊನೆಗೆ ವಾರಕ್ಕೊಮ್ಮೆ. ನನ್ನ ವಿಷಯದಲ್ಲಿ ಹೆರಿಗೆ ನೋವು ಶುರುವಾದಾಗ ಲಿಥಿಯಂ ತಡೆಹಿಡಿದು, ಹೆರಿಗೆಯಾಗಿ ಮಟ್ಟ ನೋಡಿದ ಮೇಲೆ ಬಸಿರಿಗೆ ಮುಂಚಿನ ಡೋಸ್ ಕೊಟ್ಟರು. ಕಿಡ್ನಿ ಮೊದಲಿನ ಸ್ಥಿತಿಗೆ ಬರುವುದರಿಂದ ಬಸಿರಿನ ಡೋಸ್ ಹಾಗೇ ಮುಂದುವರಿಸಿದರೆ ಹೆಚ್ಚಾಗುತ್ತದೆ.

ಎಲ್ಲಕ್ಕಿಂತ ನನಗೆ ಭಯವಿದ್ದದ್ದು ಬಾಣಂತನದ ಬಗ್ಗೆ. ಗಂಡಸರಿಗೆ ಇಲ್ಲದ, ಹೆಂಗಸರಿಗೆ ಮಾತ್ರ ಇರುವ ಅತಿ ದೊಡ್ಡ ಅಪಾಯ ಇದೇ. ಹೆರಿಗೆಯಾದ ಮೊದಲ ಕೆಲವು ವಾರಗಳಲ್ಲಿ ಬೈಪೋಲಾರ್ ಮರುಕಳಿಸುವುದು ಬಹಳ. ಸಾಮಾನ್ಯವಾಗಿ ಸಾವಿರ ಹೆರಿಗೆಗಳಲ್ಲಿ ಒಬ್ಬಿಬ್ಬರಿಗೆ ಬರುವ ಬಾಣಂತಿ ಸೈಕೋಸಿಸ್ (ವಾಸ್ತವದ ಅರಿವೇ ತಪ್ಪುವ ಸ್ಥಿತಿ), ಟೈಪ್ ಒನ್, ಅಂದರೆ ಪೂರ್ತಿ ಮೇನಿಯಾ ಬರುವ ಬಗೆಯ ಬೈಪೋಲಾರ್ ಇರುವವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಬರಬಹುದು. ನಮ್ಮ ಕಡೆ ಅದಕ್ಕೆ ಸನ್ನಿ, ಗಾಳಿ ಅಂತೆಲ್ಲ ಅಂದು ಯಂತ್ರ ಕಟ್ಟಿಸುತ್ತಾರೆ. ದಯವಿಟ್ಟು ಹಾಗೆ ದಿನ ಕಳೆಯಬೇಡಿ. ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ, ಮಗು ಇಬ್ಬರನ್ನೂ ಒಟ್ಟಿಗೇ ಸೇರಿಸಿಕೊಂಡು ನೋಡುವ ವಿಭಾಗ ಇದೆ. ಮಗುವನ್ನು ಬೇರ್ಪಡಿಸುತ್ತಾರೆ ಅನ್ನುವ ಭಯಕ್ಕೆ ಆಸ್ಪತ್ರೆ ತಪ್ಪಿಸಬೇಕಿಲ್ಲ. ಬೇಕಾಗಬಹುದು ಅಂತ ನಾವು ಮೊದಲೇ ಕೇಳಿ ತಿಳಿದುಕೊಂಡಿದ್ದೆವು. ಬೇಕಾಗಲಿಲ್ಲ.

ತವರಿನಲ್ಲಿ ಬಾಣಂತನ ಅಂದರೆ ನಿಮಗೆ ಗೊತ್ತೇ ಇದೆ. ಕತ್ತಲೆ ಕೋಣೆ, ಕಿವಿಗೆ ಹತ್ತಿ, ಬಿಸಿನೀರಿನ ಸ್ನಾನ, ಹೊದ್ದು ಬೆವರುವುದು, ಕುಡಿಯಲು ಗುಟುಕು ನೀರು. ಲಿಥಿಯಂ ತೆಗೆದುಕೊಳ್ಳುವ ಬಾಣಂತಿಗೆ ಬೆವರು ಜಾಸ್ತಿ, ನೀರು ಕಡಿಮೆ ಅನ್ನುವುದು ಅಪಾಯ. ಏಳನೇ ತಿಂಗಳಲ್ಲೇ ಅಮ್ಮನನ್ನು ಡಾಕ್ಟರ ಎದುರಿಗೆ ಕೂರಿಸಿ ಇದನ್ನು ಹೇಳಿಸಿದೆವು. ನಾನು ಹೇಳಿದ್ದರೆ ಅಮ್ಮ ಒಪ್ಪುತ್ತಿರಲಿಲ್ಲ. ಡಾಕ್ಟರು ಹೇಳಿದ ಮೇಲೆ ದೊಡ್ಡ ತಾಮ್ರದ ಚೊಂಬನ್ನು ತಲೆದಿಂಬಿನ ಪಕ್ಕ ಅವರೇ ತುಂಬಿಸಿಡುತ್ತಿದ್ದರು.

ಎದೆಹಾಲಿನ ತೀರ್ಮಾನ ಮನಸ್ಸಿಗೆ ಭಾರವಾಗಿತ್ತು. ಲಿಥಿಯಂ ಹಾಲಿನಲ್ಲಿ ಮಗುವಿಗೂ ಹೋಗುತ್ತದೆ, ಪುಟ್ಟ ಮಗುವಿನ ಕಿಡ್ನಿಗೆ ಅದನ್ನು ಹೊರಹಾಕುವುದು ಕಷ್ಟ. ಜೊತೆಗೆ ರಾತ್ರಿ ಎದ್ದು ಹಾಲು ಕೊಟ್ಟರೆ ನನ್ನ ನಿದ್ದೆ ಕೆಡುತ್ತದೆ. ಮಕ್ಕಳ ಡಾಕ್ಟರ ಹತ್ತಿರವೂ ಮಾತಾಡಿ ಪುಡಿ ಹಾಲು ಅಂತ ನಿರ್ಧರಿಸಿದೆವು. ತಿಂಗಳಿಗೆ 3000 ರೂಪಾಯಿಗಿಂತ ಹೆಚ್ಚೇ ಅದಕ್ಕೆ ಹೋಯಿತು. ನೋಡಲು ಬಂದವರೆಲ್ಲ "ಹಾಲು ಬರ್ತಿಲ್ವಾ?" ಅಂತ ಕೇಳಿದರು. ಅತ್ತಿಗೆಯೊಬ್ಬರು ಮೆಂತ್ಯದ ಲಡ್ಡು ಕಟ್ಟಿ ಕಳಿಸಿದರು. ಒಂದೆರಡು ರಾತ್ರಿ ನಾನು ಅತ್ತಿದ್ದೂ ಉಂಟು. ಬೇರೆ ಮಾತ್ರೆ ತೆಗೆದುಕೊಳ್ಳುವವರಿಗೆ ತೀರ್ಮಾನ ಬೇರೆ ಇರಬಹುದು, ಕೇಳಿಕೊಳ್ಳಿ.

ರಾತ್ರಿ ಹತ್ತರಿಂದ ಬೆಳಗ್ಗೆ ಐದರವರೆಗೆ ಮಗು ನನ್ನ ಪಕ್ಕದಲ್ಲಿರಲಿಲ್ಲ. ಅಮ್ಮ, ಗಂಡ, ಎರಡು ವಾರ ಅಣ್ಣನೂ ಸರದಿ ಹಾಕಿಕೊಂಡರು. ಬಾಣಂತಿ ಮನೆಯಲ್ಲಿ ಗಂಡಸು ರಾತ್ರಿ ಮಗುವಿಗೆ ಬಾಟಲಿ ಹಿಡಿಯುವುದು ಊರಿಗೆ ಹೊಸದು. ನನಗೆ ಲಿಥಿಯಂನಷ್ಟೇ ದೊಡ್ಡ ಔಷಧ ಆ ಏಳು ಗಂಟೆ ನಿದ್ದೆ. ಯಾವ ಲಕ್ಷಣ ಕಂಡರೆ ಆಸ್ಪತ್ರೆಗೆ ಕರೆದೊಯ್ಯಬೇಕು ಅಂತ ನಾನೇ ಬರೆದು ಗಂಡನ ಕೈಗೆ ಕೊಟ್ಟಿದ್ದೆ: ಮಗು ಮಲಗಿದ್ದರೂ ನನಗೆ ನಿದ್ದೆ ಬಾರದಿದ್ದರೆ, ಮಾತು ನಿಲ್ಲದಿದ್ದರೆ, ಯಾರ ಮೇಲಾದರೂ ವಿನಾಕಾರಣ ಅನುಮಾನ ಬಂದರೆ, ಮಗುವಿನ ಬಗ್ಗೆ ವಿಚಿತ್ರ ಮಾತಾಡಿದರೆ, ಕೇಳಬೇಡಿ, ಕರೆದುಕೊಂಡು ಹೋಗಿ. ನಾನು ತೀರ್ಮಾನ ತೆಗೆದುಕೊಳ್ಳುವ ಸ್ಥಿತಿಯಲ್ಲಿ ಇಲ್ಲದಿದ್ದರೆ ನನ್ನ ಪರವಾಗಿ ಯಾರು ಮಾತಾಡಬೇಕು ಅಂತ ಹೆಸರಿಸಲು ಆ 2017ರ ಕಾಯ್ದೆಯಲ್ಲೇ ಅವಕಾಶವಿದೆ. ಬಿಳಿ ಹಾಳೆಯಲ್ಲಿ ಬರೆದು ಸಹಿ ಹಾಕಿದರೆ ಆಯಿತು. ನಾನು ಗಂಡನ ಹೆಸರು ಬರೆದೆ.

ರಾತ್ರಿ ಹೊತ್ತು ಯಾರನ್ನು ಕೇಳುವುದು ಅಂತ ತೋಚದಿದ್ದರೆ ಟೆಲಿ ಮಾನಸ್ ನಂಬರ್ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸೇವೆ, ದುಡ್ಡಿಲ್ಲ, ದಿನದ 24 ಗಂಟೆ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಬಾಣಂತನದ ಮೂರನೇ ವಾರ ಅಮ್ಮನಿಗೆ ನನ್ನ ಮಾತು ಸ್ವಲ್ಪ ಜೋರಾಗಿದೆ ಅನ್ನಿಸಿ, ನನಗೆ ಹೇಳದೆ ಅವರೇ ಫೋನ್ ಮಾಡಿದ್ದರು. ನಿದ್ದೆ ಹೇಗಿದೆ, ಮಾತ್ರೆ ತಪ್ಪಿದೆಯಾ ಅಂತ ಕೇಳಿ, ಬೆಳಗ್ಗೆಯೇ ನಮ್ಮ ಡಾಕ್ಟರನ್ನು ಕಾಣಲು ಹೇಳಿದರಂತೆ. ಹೋದೆವು. ಡೋಸ್ ಸ್ವಲ್ಪ ಬದಲಿಸಿದರು, ವಾರದಲ್ಲಿ ಮತ್ತೆ ರಕ್ತ ಪರೀಕ್ಷೆ ಮಾಡಿಸಿದರು, ಆಮೇಲೆ ಎಲ್ಲ ಹದಕ್ಕೆ ಬಂತು.